ಪರದೆ ಮರೆತ ನಗೆಗಾರ

(ಬಾನುಲಿ ಭಾಷಣ)

ಪುಣೆಯಿಂದ ಬೇಸಿಗೆಯ ರಜೆಗೆಂದು ಬಿಜ್ಜರಗಿಗೆ ಬಂದಿದ್ದ ನನ್ನ ಮೊಮ್ಮಗ ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ಆಟವಾಡುತ್ತಿದ್ದ. ಹೊರಗೆ ಬಿಸಿಲು ಕಾದ ಹಂಚಿನಂತಿತ್ತು. ಪರದೆಯ ಮೇಲೆ ದೊಡ್ಡ ಕಿವಿಗಳ, ಕೆಂಪು ಅಂಗಿಯ ಹುಡುಗನೊಬ್ಬ ಓಡುತ್ತಿದ್ದ, ಹಾರುತ್ತಿದ್ದ, ಮುಷ್ಟಿಯಿಂದ ಬಂಡೆಗಳನ್ನು ಪುಡಿಮಾಡುತ್ತಿದ್ದ. "ಯಾರಪಾ ಇಂವ?" ಎಂದು ಕೇಳಿದೆ. "ಅಜ್ಜಾ, ಇಂವ ಅಲೆಕ್ಸ್ ಕಿಡ್. ಮೊದಲ ಇವಂದು ಭಾಳ ದೊಡ್ಡ ಹೆಸರಿತ್ತಂತ. ಈಗ ಯಾರಿಗೂ ಗೊತ್ತಿಲ್ಲ" ಎಂದ.

ಆ ಮಾತು ಕಿವಿಯಲ್ಲಿ ಉಳಿಯಿತು. ಇದೇ ಊರಿನಲ್ಲಿ, ಇಂಥದೇ ಬೇಸಿಗೆಯಲ್ಲಿ, ಸುಮಾರು ಅರವತ್ತು ವರ್ಷಗಳ ಹಿಂದೆ ನಾನು ಕಂಡ ಇನ್ನೊಂದು ಪರದೆ, ಅದರ ಮೇಲೆ ಕುಣಿದ ಡೊಳ್ಳುಹೊಟ್ಟೆಯ ಇನ್ನೊಬ್ಬ ಕರಿಯ ನೆನಪಿಗೆ ಬಂದರು. ಈ ಹೊತ್ತು ನಾನು ನಿಮ್ಮ ಮುಂದೆ ಹೇಳಬೇಕೆಂದಿರುವುದು ಈ ಇಬ್ಬರ ವಿಷಯವಾಗಿ. ಅದರಲ್ಲಿಯೂ ಎರಡನೆಯವನ ವಿಷಯವಾಗಿ. ಅವನನ್ನು ಕೆಲವೆಡೆ ಕಿಳ್ಳೇಕ್ಯಾತನೆನ್ನುತ್ತಾರೆ, ಕೆಲವೆಡೆ ಶಿಳ್ಳೇಕ್ಯಾತನೆನ್ನುತ್ತಾರೆ. ನಮ್ಮ ಕಡೆಗೆ ಶಿಳ್ಳೇಕ್ಯಾತ.

ಮೊದಲು ಆ ಜಪಾನೀ ಹುಡುಗನ ಕಥೆಯನ್ನು ಮುಗಿಸಿಬಿಡೋಣ. ಅದು ಚಿಕ್ಕದು.

ಯಾವ ವ್ಯಾಪಾರಕ್ಕಾದರೂ ಜನ ಗುರುತು ಹಿಡಿಯುವಂಥ ಒಂದು ಮುಖ ಬೇಕು. ಏರ್ ಇಂಡಿಯಾ ಸಂಸ್ಥೆಗೆ ೧೯೪೬ರಲ್ಲಿ ಮುಂಡಾಸಿನ ಮಹಾರಾಜ ಹುಟ್ಟಿದ. ೧೯೮೨ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಅಪ್ಪು ಎಂಬ ಆನೆಮರಿ ಬಂದಿತು. ಇಂಗ್ಲಿಷಿನವರು ಇದನ್ನು ಮ್ಯಾಸ್ಕಾಟ್ ಎನ್ನುತ್ತಾರೆ. ನಾವು ಲಾಂಛನ ಪಾತ್ರವೆನ್ನಬಹುದು. ದೂರದರ್ಶನದ ಪೆಟ್ಟಿಗೆಗೆ ಜೋಡಿಸಿ ಆಡುವ ವಿಡಿಯೊ ಆಟಗಳು ಮನೆಮನೆಗೆ ಹಬ್ಬಿದಾಗ ಜಪಾನಿನ ಸಂಸ್ಥೆಗಳಿಗೂ ಇಂಥ ಪಾತ್ರಗಳು ಬೇಕಾದವು. ೧೯೮೧ರಲ್ಲಿ ನಿಂಟೆಂಡೊ ಸಂಸ್ಥೆಗಾಗಿ ಶಿಗೆರು ಮಿಯಾಮೊಟೊ ಎಂಬ ಕಲಾವಿದ ರೂಪಿಸಿದ ಒಬ್ಬ ಬಡಗಿ ಮುಂದೆ ಮಾರಿಯೊ ಎಂಬ ಹೆಸರು ತಳೆದ. ೧೯೮೫ರ ಸೆಪ್ಟೆಂಬರಿನಲ್ಲಿ ಬಂದ ಅವನ ಆಟ ಜಗತ್ತನ್ನೇ ಗೆದ್ದಿತು. ಅವನಿಗೆ ಎದುರಾಳಿಯೊಬ್ಬ ಬೇಕೆಂದು ಸೆಗಾ ಎಂಬ ಇನ್ನೊಂದು ಸಂಸ್ಥೆ ೧೯೮೬ರ ನವೆಂಬರಿನಲ್ಲಿ ಕಣಕ್ಕಿಳಿಸಿದವನೇ ಅಲೆಕ್ಸ್ ಕಿಡ್. ಅವನನ್ನು ರೂಪಿಸಿದವ ಕೋತಾರೊ ಹಯಾಶಿದಾ. ಒಂದೊಂದು ಹಂತ ಮುಗಿದಾಗಲೂ ಈ ಹುಡುಗ ಅನ್ನದ ಉಂಡೆ ತಿನ್ನುತ್ತಾನೆ. ಮುಖ್ಯ ಶತ್ರುಗಳು ಎದುರಾದರೆ ಕತ್ತಿ ಹಿರಿಯುವುದಿಲ್ಲ. ಮಕ್ಕಳು ಕೈಬೆರಳುಗಳಿಂದ ಆಡುವ ಕಲ್ಲು, ಕತ್ತರಿ, ಕಾಗದದ ಪಂದ್ಯಕ್ಕೆ ಕರೆಯುತ್ತಾನೆ. ಸೋತರೆ ಸಾವು.

೧೯೯೦ರಲ್ಲಿ ಸೆಗಾ ತನ್ನ ಮನೆಯಾಟದ ಯಂತ್ರದ ಹೊಸ ಮಾದರಿಯ ಒಡಲಲ್ಲಿಯೇ ಈ ಆಟವನ್ನು ಅಡಗಿಸಿ ಮಾರಿತು. ಹೀಗಾಗಿ ಬ್ರಿಟನ್, ಬ್ರೆಜಿಲ್‌ಗಳಂಥ ದೇಶಗಳಲ್ಲಿ ಎಷ್ಟೋ ಮಕ್ಕಳು ಬೇರೆ ಆಟ ಕೊಳ್ಳುವ ಮೊದಲೇ ಅವನ ಗೆಳೆಯರಾದರು. ಆದರೆ ಸಂಸ್ಥೆಗೆ ಅಷ್ಟು ಸಾಲಲಿಲ್ಲ. ಮಾರಿಯೊನನ್ನು ಮೀರಿಸುವ, ಇನ್ನೂ ಚುರುಕಾದ ಮುಖವೊಂದು ಬೇಕಾಗಿತ್ತು. ೧೯೯೧ರ ಜೂನಿನಲ್ಲಿ ಸೋನಿಕ್ ಎಂಬ ನೀಲಿ ಮುಳ್ಳುಪ್ರಾಣಿ ಓಡಿಬಂದಿತು. ಅಂದಿನಿಂದ ಅಲೆಕ್ಸ್ ಕಿಡ್ ಬದಿಗೆ ಸರಿದ. ಸೆಗಾದ ಯಂತ್ರ ೧೯೯೫ರಲ್ಲಿ ಶಾ ವಾಲೇಸ್ ಸಂಸ್ಥೆಯ ಮೂಲಕ ೧೮,೦೦೦ ರೂಪಾಯಿಯ ಬೆಲೆಗೆ ಭಾರತದ ಅಂಗಡಿಗಳಿಗೆ ಬರುವ ಹೊತ್ತಿಗೆ ಅವನ ಕಾಲ ಮುಗಿದಿತ್ತು. ೨೦೦೧ರಲ್ಲಿ ಅದೇ ಸಂಸ್ಥೆ ತನ್ನನ್ನೇ ಗೇಲಿಮಾಡಿಕೊಂಡು ಹೊರತಂದ ಸೆಗಾಗಾಗಾ ಎಂಬ ಆಟದಲ್ಲಿ ಅವನು ಒಂದು ಗಳಿಗೆ ಕಾಣಿಸಿಕೊಂಡು, ತಾನು ಸೋತ ಕಥೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ೨೦೨೧ರಲ್ಲಿ ಅವನ ಮೊದಲ ಆಟವನ್ನು ಹೊಸ ಬಣ್ಣ ಹಚ್ಚಿ ಮತ್ತೆ ಹೊರತಂದರು. ನನ್ನ ಮೊಮ್ಮಗ ಆಡುತ್ತಿದ್ದುದು ಅದನ್ನೇ.

ಅವನ ವೈಭವದ ಕಾಲ ಐದು ವರ್ಷ ಮಾತ್ರ. ನಮ್ಮ ಶಿಳ್ಳೇಕ್ಯಾತನದು ಶತಮಾನಗಳ ಬಾಳು.

ತೊಗಲುಗೊಂಬೆಯಾಟವನ್ನು ಕಾಣದ ಎಳೆಯರಿಗಾಗಿ ನಾಲ್ಕು ಮಾತು ಹೇಳುವುದು ಅಗತ್ಯ. ಆಡಿನ ತೊಗಲನ್ನು ನೆನೆಹಾಕಿ, ಕೂದಲು ಹೆರೆದು, ತೆಳುಮಾಡಿ, ಎಳೆದು ಕಟ್ಟಿ ಒಣಗಿಸುತ್ತಾರೆ. ಬೆಳಕು ಹಾಯುವಷ್ಟು ಹದಗೊಂಡ ಆ ತೊಗಲಿನ ಮೇಲೆ ಚಿತ್ರ ಬರೆದು, ಅಂಚುಗಳನ್ನು ಕತ್ತರಿಸಿ, ಆಭರಣವಿರಬೇಕಾದ ಕಡೆ ಚಿಕ್ಕ ಉಳಿಯಿಂದ ತೂತು ಕೊರೆದು, ಕೆಂಪು, ಕಪ್ಪು, ಹಸಿರು ಬಣ್ಣ ತುಂಬುತ್ತಾರೆ. ನಡುವೆ ಸೀಳಿದ ಬಿದಿರ ಕಡ್ಡಿಗೆ ಗೊಂಬೆಯನ್ನು ಸಿಕ್ಕಿಸಿದರೆ ಹಿಡಿಕೆಯಾಯಿತು. ಮುಂದೆ ಬಿಳಿಯ ಪರದೆ, ಹಿಂದೆ ಹರಳೆಣ್ಣೆಯ ದೀಪ. ದೀಪಕ್ಕೂ ಪರದೆಗೂ ನಡುವೆ ಕಲಾವಿದ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಬಣ್ಣ ಬಣ್ಣವಾಗಿ ಸ್ಪಷ್ಟವಾಗಿ ಕಾಣುತ್ತದೆ. ಹಿಂದಕ್ಕೆ ಸರಿಸಿದರೆ ಮಬ್ಬಾಗಿ ದೊಡ್ಡದಾಗುತ್ತದೆ. ಕೊರೆದ ತೂತುಗಳಿಂದ ಬೆಳಕು ತೂರಿಬಂದು ರಾವಣನ ಹತ್ತೂ ಕಿರೀಟಗಳಲ್ಲಿ ರತ್ನವಾಗುತ್ತದೆ. ಮನೆಯ ಯಜಮಾನ ಗೊಂಬೆ ಆಡಿಸುತ್ತ ಮಾತನಾಡಿದರೆ, ಹೆಂಡತಿ ಹಾಡಿಗೆ ದನಿಗೂಡಿಸಿ ಸೀತೆ, ದ್ರೌಪದಿಯರ ಮಾತು ಹೇಳುತ್ತಾಳೆ. ಒಂದು ಕುಟುಂಬವೇ ಒಂದು ಮೇಳ.

ಇಂಥ ಮೇಳವೊಂದು ನಮ್ಮೂರಿಗೆ ಬಂದ ನೆನಪು ನನಗಿದೆ. ತಿಕೋಟಾ, ಬಬಲೇಶ್ವರದ ಕಡೆಯ ಈ ನೆಲ ಮಳೆಯ ನೆರಳಿನ ನಾಡು. ಇಂದು ಇಲ್ಲಿ ದ್ರಾಕ್ಷಿಯ ಪಡಗಳಿವೆ, ಒಣದ್ರಾಕ್ಷಿಯ ಶೆಡ್ಡುಗಳಿವೆ. ಅಂದು ಜೋಳ, ಸಜ್ಜೆ, ಮತ್ತು ಮುಗಿಲ ಕಡೆಗಿನ ನೋಟ. ಮಳೆ ತಡೆದರೆ ಊರಿನ ಹಿರಿಯರು ಎರಡು ದಾರಿ ಹಿಡಿಯುತ್ತಿದ್ದರು: ಗುಡಿಯಲ್ಲಿ ವಿರಾಟಪರ್ವದ ಪಾರಾಯಣ, ಇಲ್ಲವೆ ಗೊಂಬೆಯಾಟದವರಿಗೆ ಕರೆ. ತೊಗಲುಗೊಂಬೆ ಆಡಿಸಿದರೆ ಮಳೆಯಾಗುತ್ತದೆ, ದನಕರುಗಳ ಬೇನೆ ತೊಲಗುತ್ತದೆ ಎಂಬ ನಂಬಿಕೆ ಕನ್ನಡನಾಡಿನ ಬಹುಭಾಗದಲ್ಲಿ ಇದ್ದಿತು. ಆದುದರಿಂದ ಆ ಆಟ ಬರಿಯ ಮನರಂಜನೆಯಾಗಿರಲಿಲ್ಲ. ಊರು ಕೈಗೊಂಡ ಒಂದು ಹರಕೆಯಾಗಿತ್ತು.

ಹಣಮಪ್ಪನ ಗುಡಿಯ ಮುಂದೆ ಪರದೆ ಕಟ್ಟಿದರು. ಮೊದಲು ಗಣಪತಿ ಬಂದ, ಪೂಜೆಯಾಯಿತು. ನವಿಲಿನ ಮೇಲೆ ಸರಸ್ವತಿ ಬಂದಳು. ನಮಗೆ ಮಕ್ಕಳಿಗೆ ಆಗಲೇ ತೂಕಡಿಕೆ. ಆಗ ಪರದೆಯ ಮೂಲೆಯಿಂದ ಒಮ್ಮೆಲೆ ಅವನು ಹಾರಿಬಂದ. ಕರಿಯ ಮೈ, ಮುಂದೆ ಬಂದ ಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲು. ಸೊಂಟ ಒಂದು ಕಡೆ, ತಲೆ ಇನ್ನೊಂದು ಕಡೆ ಕುಣಿಯುತ್ತಿತ್ತು. ಬಂದವನೇ ದೇವರಿಗೆ ಕೈಮುಗಿಯಲಿಲ್ಲ, ಮುಂದಿನ ಸಾಲಿನಲ್ಲಿ ಕುಳಿತ ಊರಗೌಡರನ್ನೇ ಮಾತನಾಡಿಸಿದ: "ಏನ್ರೀ ಗೌಡ್ರ, ಮಳಿ ಯಾಕ ಬರವಲ್ದು? ನಿಮ್ಮ ಮಾರಿ ನೋಡಿ ಮೋಡ ಅಂಜ್ಯಾವೇನ್ರೀ?" ಊರಿಗೆ ಊರೇ ನಕ್ಕಿತು. ಬೇರೆ ಯಾವ ದಿನವಾಗಲಿ, ಬೇರೆ ಯಾರ ಬಾಯಿಂದಲಾಗಲಿ ಆ ಮಾತು ಬಂದಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಹೇಳಬೇಕಾಗಿಲ್ಲ. ಗೌಡರೂ ನಕ್ಕರು. ಹಿಂದೆಯೇ ಅವನ ಹೆಂಡತಿ ಬಂಗಾರಕ್ಕ ಬಂದಳು. ಗಂಡ ಹೆಂಡಿರ ಜಗಳ ನಡೆಯಿತು. ಆ ಜಗಳದಲ್ಲಿದ್ದ ಮಾತುಗಳನ್ನು ಬಾನುಲಿಯಲ್ಲಿ ಹೇಳುವಂತಿಲ್ಲ. ಅವ್ವ ನನ್ನ ಕಿವಿ ಮುಚ್ಚಿದಳು, ತಾನು ಮಾತ್ರ ಸೆರಗಿನಲ್ಲಿ ನಕ್ಕಳು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಗೊಂಬೆಗಳು ದೊಡ್ಡವು. ಮೂರು ನಾಲ್ಕು ಅಡಿಯವೂ ಉಂಟು. ದೇವತೆಗಳ, ರಾಜರ ಚಿತ್ರಗಳು ಬಹುಮಟ್ಟಿಗೆ ಒಂದೇ ತುಂಡು ತೊಗಲಿನವು. ಪಟ್ಟಾಭಿಷೇಕದ ರಾಮ, ರಥದಲ್ಲಿ ಕುಳಿತ ಕೃಷ್ಣಾರ್ಜುನರು ಗಂಭೀರವಾಗಿ ಬಂದು, ನಿಂತು, ಹೋಗುತ್ತಾರೆ. ಕೈಕಾಲು ಕುತ್ತಿಗೆಗಳಿಗೆ ಕೀಲು ಕೂಡಿಸಿಕೊಂಡು ಮೈಯೆಲ್ಲ ಆಡಿಸುವ ಸ್ವಾತಂತ್ರ್ಯ ನಗೆಗಾರನಿಗೆ ದೊರೆತಿದೆ. ದೇವರಿಗೆ ಘನತೆಯಿದ್ದರೆ ಇವನಿಗೆ ಚಲನೆಯಿದೆ. ಹಿಂದಿನ ಸಾಲಿನ ಮುದುಕಿಗೂ ಕಾಣುವಂತೆ ಹೊಟ್ಟೆಯನ್ನು ಉಬ್ಬಿಸಿ, ತುಟಿಯನ್ನು ದಪ್ಪಮಾಡಿ, ಮಂದ ದೀಪದಲ್ಲಿಯೂ ನೆರಳಿನ ಅಂಚೊಂದರಿಂದಲೇ ಗುರುತು ಸಿಗುವಂತೆ ಅವನನ್ನು ಕತ್ತರಿಸಿದ್ದಾರೆ.

ವಿಡಿಯೊ ಆಟದ ಚಿತ್ರಕಾರರೂ ಇಂಥದೇ ಇಕ್ಕಟ್ಟಿನಲ್ಲಿ ಇದೇ ಜಾಣ್ಮೆ ತೋರಿದರು. ಅಂದಿನ ಯಂತ್ರಗಳಲ್ಲಿ ಒಂದು ಆಕೃತಿಯನ್ನು ಬರೆಯಲು ಬೆರಳೆಣಿಕೆಯ ಬಣ್ಣಗಳು, ಕೆಲವೇ ಚಿಕ್ಕ ಚೌಕಗಳು ಸಿಗುತ್ತಿದ್ದವು. ಮಾರಿಯೊಗೆ ಬಾಯಿ ಬರೆಯುವುದು ಕಷ್ಟವಾದುದರಿಂದ ಮೀಸೆ ಬಂದಿತು. ಕೂದಲನ್ನು ಹಾರಾಡಿಸುವುದು ಕಷ್ಟವಾದುದರಿಂದ ಟೊಪ್ಪಿಗೆ ಬಂದಿತು. ಕೈಬೀಸುವುದು ಕಾಣಲೆಂದು ಅಂಗಿಗೆ ಒಂದು ಬಣ್ಣ, ಉಳಿದ ಉಡುಪಿಗೆ ಇನ್ನೊಂದು ಬಣ್ಣ ಬಂದಿತು. ಅಲೆಕ್ಸ್ ಕಿಡ್‌ನ ದೊಡ್ಡ ಕಿವಿ, ಹೊಡೆಯುವಾಗ ಉಬ್ಬುವ ಮುಷ್ಟಿಗಳನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಟೋಕಿಯೊದ ಚಿತ್ರಕಾರನಿಗೂ ಕೃಷ್ಣಾತೀರದ ಗೊಂಬೆಗಾರನಿಗೂ ಒಬ್ಬರಿಗೊಬ್ಬರ ಗಂಧವಿಲ್ಲ. ಆದರೂ ಚಪ್ಪಟೆಯ ಪರದೆ, ಹಿಂದಿನಿಂದ ಬರುವ ಬೆಳಕು, ಪಕ್ಕದಿಂದ ಪಕ್ಕಕ್ಕೆ ಚಲಿಸಬೇಕಾದ ಚಿಕ್ಕ ಆಕೃತಿ ಇವಿಷ್ಟೂ ಸೇರಿದರೆ ಕಲೆ ಒಂದೇ ದಾರಿಗೆ ಬರುತ್ತದೆ.

ಜಗತ್ತಿನ ಬೇರೆಡೆಗಳಲ್ಲಿಯೂ ನೆರಳಿನ ಪರದೆ ಇರುವಲ್ಲಿ ಇಂಥ ನಗೆಗಾರನಿದ್ದಾನೆ. ತುರ್ಕಿ ದೇಶದಲ್ಲಿ ಕರಾಗೊಜ್ ಎಂಬವನಿದ್ದಾನೆ. ಆಟದ ಹೆಸರೂ ಕರಾಗೊಜ್ ಎಂದೇ. ಜಾವಾ ದ್ವೀಪದ ವಯಾಂಗ್ ಆಟದಲ್ಲಿ ಅರ್ಜುನನಂಥ ವೀರರ ಹಿಂದೆ ಸೆಮಾರ್ ಎಂಬ ಡೊಳ್ಳುಹೊಟ್ಟೆಯ ಸೇವಕನೂ ಅವನ ಮಕ್ಕಳೂ ಇದ್ದಾರೆ; ಆ ಸೆಮಾರ್ ನಿಜದಲ್ಲಿ ಮರೆಸಿಕೊಂಡ ದೇವತೆಯೆಂದು ಜಾವಾದ ಜನ ನಂಬುತ್ತಾರೆ. ಅಷ್ಟು ದೂರವೇಕೆ, ಆಂಧ್ರದ ತೋಲುಬೊಮ್ಮಲಾಟದಲ್ಲಿ ಕೇತಿಗಾಡು ಇದ್ದಾನೆ, ಜುಟ್ಟುಪೋಲಿಗಾಡು ಇದ್ದಾನೆ, ನಮ್ಮ ಬಂಗಾರಕ್ಕ ಅದೇ ಹೆಸರಿನಿಂದಲೇ ಅಲ್ಲಿಯೂ ಇದ್ದಾಳೆ. ಕೇತಿಗಾಡು ಮತ್ತು ಕ್ಯಾತ, ಈ ಎರಡು ಹೆಸರುಗಳ ನಂಟು ಕಿವಿಗೇ ಕೇಳಿಸುತ್ತದೆ. ಗಡಿಗಳನ್ನು ಎಳೆದವರು ಬೇರೆ. ಈ ಗಂಡ ಹೆಂಡಿರು ಗೊಂಬೆಯ ಗಂಟಿನೊಳಗೆ ಕುಳಿತು ಊರಿಂದೂರಿಗೆ ನಡೆದವರು.

ನಡೆದವರ ಹಾದಿಯೂ ಸ್ವಾರಸ್ಯವಾದುದು. ಗೊಂಬೆಯಾಟದ ಈ ಸಮುದಾಯದವರು ಮನೆಯಲ್ಲಿ ಆಡುವುದು ಮರಾಠಿಯ ಒಂದು ಒಳನುಡಿ. ಪರದೆಯ ಮುಂದೆ ಆಡಿಸುವುದು ಅಚ್ಚ ಕನ್ನಡದ ರಾಮಾಯಣ, ಮಹಾಭಾರತ. ಮರಾಠಿ ನಾಡಿನಿಂದ ಬಂದವರೆಂಬ ಐತಿಹ್ಯ ಅವರಲ್ಲಿದೆ. ಕೊಂಕಣದ ಪಿಂಗುಳಿ ಎಂಬ ಊರಿನ ಠಾಕರ ಜನರಲ್ಲಿ ಚಿತ್ರಕಥಿ ಹಾಗೂ ತೊಗಲುಗೊಂಬೆಯ ಸಂಪ್ರದಾಯ ಇಂದಿಗೂ ಉಳಿದಿದೆ. ತಮಿಳುನಾಡಿನ ತೊಗಲುಗೊಂಬೆಯವರ ಮನೆಮಾತು ಕೂಡ ಮರಾಠಿಯದೇ ಒಂದು ಬಗೆ. ಜತ್ತದ ಗಡಿಯ ಹತ್ತಿರ ಬಾಳುವ ನಮಗೆ ಇದು ಬೆರಗಿನ ಸಂಗತಿಯೇನಲ್ಲ. ನಮ್ಮಲ್ಲಿಯೂ ಒಂದೇ ಅಂಗಳದಲ್ಲಿ ಎರಡು ನುಡಿ ನಡೆಯುತ್ತವೆ. ಆಟವಿಲ್ಲದ ದಿನಗಳಲ್ಲಿ ಈ ಜನ ಹರಿಗೋಲು, ಬಲೆ ಹಿಡಿದು ಕೃಷ್ಣೆ, ತುಂಗಭದ್ರೆಯರ ದಂಡೆಯಲ್ಲಿ ಮೀನು ಹಿಡಿದು ಜೀವಿಸಿದರು.

ಈಗ ಹೆಸರಿನ ವಿಷಯಕ್ಕೆ ಬರೋಣ. ನನ್ನ ಮಾತಿನ ತಿರುಳು ಇರುವುದು ಇಲ್ಲಿ.

ಸಾಮಾನ್ಯವಾಗಿ ಜನ ತಮ್ಮ ಗೊಂಬೆಗೆ ಹೆಸರಿಡುತ್ತಾರೆ. ಇಲ್ಲಿ ಗೊಂಬೆ ತನ್ನ ಜನಕ್ಕೆ ಹೆಸರಿಟ್ಟಿತು. ಶಿಳ್ಳೇಕ್ಯಾತನನ್ನು ಆಡಿಸುವವರು ಶಿಳ್ಳೇಕ್ಯಾತರಾದರು. ಆಟವೂ ಶಿಳ್ಳೇಕ್ಯಾತರ ಆಟವಾಯಿತು. ೧೯೦೯ರಲ್ಲಿ ಎಡ್ಗರ್ ಥರ್ಸ್ಟನ್ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ ಇವರು ಈ ಹೆಸರಿನಿಂದಲೇ ದಾಖಲಾದರು. ಮುಂಬಯಿ ಪ್ರಾಂತದ ಜಾತಿಗಳನ್ನು ಕುರಿತು ೧೯೨೦ರಿಂದೀಚೆಗೆ ಎಂಥೋವನ್ ಹೊರತಂದ ಸಂಪುಟಗಳಲ್ಲಿಯೂ ಹಾಗೆಯೇ. ಅಂದು ನಮ್ಮ ಬಿಜಾಪುರ ಜಿಲ್ಲೆ ಆ ಪ್ರಾಂತಕ್ಕೆ ಸೇರಿತ್ತು. ನಮ್ಮ ಕಡೆ ಇವರಿಗೆ ಕಟಬರೆಂಬ ಹೆಸರೂ ಉಂಟು. ಸ್ವತಂತ್ರ ಭಾರತದಲ್ಲಿ ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಸಿಳ್ಳೇಕ್ಯಾತ ಎಂಬ ಹೆಸರು ಸೇರಿದೆ. ಕಿಳ್ಳೆಯೆಂದರೆ ತುಂಟನೆಂದು ಕೆಲವರು, ಶಿಳ್ಳೆಯೆಂದರೆ ಸಿಳ್ಳು ಹಾಕುವುದೆಂದು ಕೆಲವರು ಆ ಹೆಸರನ್ನು ಬಿಡಿಸುತ್ತಾರೆ. ಹೇಗೆ ಬಿಡಿಸಿದರೂ ಒಂದು ಮಾತು ನಿಲ್ಲುತ್ತದೆ: ಪರದೆಯ ಮೇಲೆ ನಗಿಸಲೆಂದು ಹುಟ್ಟಿದ ಹೆಸರು ಸರಕಾರದ ಕಾಗದದಲ್ಲಿ ಮನುಷ್ಯರ ಹೆಸರಾಯಿತು.

ನಾನು ಓದಿದ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಹೊಳೆಯ ಕಡೆಯಿಂದ ಬಂದ ಕುಟುಂಬ. ಒಂದು ವರ್ಷ ಮಾತ್ರ ನಮ್ಮೊಡನೆ ಕುಳಿತ. ಹಾಜರಿ ಕೂಗುವಾಗ ಮಾಸ್ತರರು ಅವನ ಅಡ್ಡಹೆಸರನ್ನು ಹೇಳಿದೊಡನೆ ತರಗತಿಯಲ್ಲಿ ನಗೆ ಏಳುತ್ತಿತ್ತು. ಯಾರೋ ಹಿಂದಿನಿಂದ ಸಿಳ್ಳು ಹಾಕುತ್ತಿದ್ದರು. ನಾನೂ ನಗುತ್ತಿದ್ದೆ. ಗುಡಿಯ ಮುಂದೆ ಗೊಂಬೆ ಕುಣಿದಾಗ ನಕ್ಕ ನಗೆ ಅದೇ, ತರಗತಿಯಲ್ಲಿ ನಕ್ಕ ನಗೆಯೂ ಅದೇ ಎಂದು ಆಗ ನಾನು ತಿಳಿದಿದ್ದೆ. ಅವೆರಡೂ ಬೇರೆ ಎಂಬುದು ತಿಳಿಯಲು ಬಹಳ ವರ್ಷ ಬೇಕಾಯಿತು. ಗುಡಿಯ ಮುಂದೆ ಗೊಂಬೆಗಾರ ಗೌಡರನ್ನು ಕುರಿತು ನಗಿಸಿದ; ಅಲ್ಲಿ ನಗೆಯ ಹಿಡಿಕೆ ಅವನ ಕೈಯಲ್ಲಿತ್ತು. ತರಗತಿಯಲ್ಲಿ ಗೌಡರ, ಕುಲಕರ್ಣಿಯರ ಮಕ್ಕಳು ಗೊಂಬೆಗಾರನ ಮಗನನ್ನು ಕುರಿತು ನಕ್ಕರು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಅವರ ಕುಟುಂಬ ಮುಂದಿನ ಊರಿಗೆ ಹೋಯಿತೆಂದರು. ಅಷ್ಟೇ ಕಾರಣವಿರಬಹುದು, ಆದರೆ ಆ ಸಿಳ್ಳಿನ ಸದ್ದು ನನ್ನ ಕಿವಿಯಿಂದ ಹೋಗಿಲ್ಲ.

ಮರೆವಿನಲ್ಲಿಯೂ ಬಗೆಗಳುಂಟು. ಅಲೆಕ್ಸ್ ಕಿಡ್‌ನನ್ನು ಮರೆತವರು ಅವನ ಒಡೆಯರು. ಲಾಭ ಸಾಲದೆಂದು ಬದಿಗಿಟ್ಟರು, ಬೇಕೆಂದಾಗ ಹೊರತೆಗೆದರು. ಅವನ ಚಿತ್ರ, ಅವನ ಹಾಡು, ಅವನ ಒಂದೊಂದು ಹೆಜ್ಜೆಯೂ ಯಂತ್ರದಲ್ಲಿ ಬರೆದಿಟ್ಟದ್ದಾದುದರಿಂದ ಮೂವತ್ತೈದು ವರ್ಷ ಕಳೆದು ತೆರೆದರೂ ಅವನು ಹಾಗೆಯೇ ಎದ್ದು ಓಡುತ್ತಾನೆ. ಶಿಳ್ಳೇಕ್ಯಾತನಿಗೆ ಒಡೆಯರಿಲ್ಲ, ಹಕ್ಕುಪತ್ರವಿಲ್ಲ. ಅವನ ಮಾತನ್ನು ಯಾರೂ ಬರೆದಿಡಲಿಲ್ಲ; ಬರೆಯುವಂತೆಯೂ ಇರಲಿಲ್ಲ. ರಾಮಾಯಣದ ಪದ್ಯ ನಿಂತ ನೀರು, ತಂದೆ ಹೇಳಿದ್ದನ್ನು ಮಗ ಹೇಳಬಹುದು. ನಗೆಗಾರನ ಮಾತು ಅಂದಿನ ಊರು, ಅಂದಿನ ಗೌಡ, ಅಂದಿನ ಬರವನ್ನು ನೋಡಿ ಆ ಗಳಿಗೆಯಲ್ಲಿ ಹುಟ್ಟುವಂಥದು. ಆಡಿಸುವ ಕೈ, ಆಡುವ ಬಾಯಿ ಇಲ್ಲವಾದರೆ ಉಳಿಯುವುದು ಒಂದು ಚೂರು ಕರಿಯ ತೊಗಲು.

ಆ ಕೈಗಳಿಗೆ ಕೆಲಸ ತಪ್ಪಿದ್ದು ಹೇಗೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಕಂಪನಿ ನಾಟಕಗಳು ಬಂದವು, ಟೂರಿಂಗ್ ಟಾಕೀಸು ಬಂದಿತು, ಕೊನೆಗೆ ದೂರದರ್ಶನ ಬಂದಿತು. ೧೯೮೭ರಲ್ಲಿ ರಾಮಾಯಣ ಭಾನುವಾರ ಬೆಳಿಗ್ಗೆ ಮನೆಯ ಪೆಟ್ಟಿಗೆಯಲ್ಲಿಯೇ ಬರತೊಡಗಿದ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದು ರಾಮನ ನೆರಳನ್ನು ನೋಡುವವರು ಯಾರು? ಹರಳೆಣ್ಣೆಯ ದೀಪದ ಜಾಗಕ್ಕೆ ವಿದ್ಯುದ್ದೀಪ ಬಂದಿತು. ಬೆಳಕು ಹೆಚ್ಚಿತು, ಆದರೆ ಎಣ್ಣೆಯ ದೀಪದ ಕುಡಿ ಅಲುಗಿದಾಗ ನಿಂತ ಗೊಂಬೆಯೂ ಉಸಿರಾಡುವಂತೆ ಕಾಣುತ್ತಿದ್ದ ಆ ಮಾಯೆ ಹೋಯಿತು. ಆಂಧ್ರದ ನಿಮ್ಮಲಕುಂಟದಲ್ಲಿ ಗೊಂಬೆಯ ಕುಶಲಿಗಳು ಅದೇ ತೊಗಲಿನಿಂದ ದೀಪದ ಮುಸುಕುಗಳನ್ನು ಮಾಡಿ ಮಾರತೊಡಗಿದರು. ಕಲೆ ಹೊಟ್ಟೆಗೆ ದಾರಿ ಹುಡುಕಿಕೊಂಡರೆ ಅದನ್ನು ತಪ್ಪೆನ್ನಲಾಗದು.

ಕಾಪಾಡಿದವರೂ ಇದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ತೊಗಲುಗೊಂಬೆಗಳನ್ನು ಸಂಗ್ರಹಿಸಿ, ಅವುಗಳ ಮೇಲೆ ಗ್ರಂಥ ಬರೆದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿಯೂ ಗೊಂಬೆಗಳಿವೆ. ಬಳ್ಳಾರಿಯ ರಂಗಕಲಾವಿದ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯ ಪರದೆಗೆ ಗಾಂಧೀಜಿಯವರನ್ನೂ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತಂದರು. ೨೦೨೩ರಲ್ಲಿ ಅವರು ತೀರಿಕೊಂಡರು. ಇವರೆಲ್ಲರ ಋಣ ದೊಡ್ಡದು. ಆದರೆ ಒಂದು ಮಾತನ್ನು ವಿನಯದಿಂದ ಹೇಳಬೇಕು. ಗಾಜಿನ ಪೆಟ್ಟಿಗೆಯಲ್ಲಿ ದಶಶಿರ ರಾವಣ ಶೋಭಿಸುತ್ತಾನೆ. ಅವನ ಚಂದವೆಲ್ಲ ನಿಂತ ಚಿತ್ರದಲ್ಲಿಯೇ ಇದೆ. ಗಾಜಿನ ಹಿಂದೆ ನಿಂತ ಶಿಳ್ಳೇಕ್ಯಾತ ಕುರೂಪಿಯೊಬ್ಬನಾಗಿ ಮಾತ್ರ ಕಾಣುತ್ತಾನೆ. ಅವನು ಅಲುಗಬೇಕು, ಯಾರನ್ನಾದರೂ ಕೆಣಕಬೇಕು. ಆಗ ಅವನು ಅವನಾಗುತ್ತಾನೆ. ಇಂದಿನ ಉತ್ಸವಗಳಲ್ಲಿ ಮೇಳಕ್ಕೆ ಸಿಗುವ ಸಮಯ ಬಹಳವೆಂದರೆ ಒಂದು ಗಂಟೆ. ರಾತ್ರಿಯಿಡೀ ಹರಡಿಕೊಳ್ಳುತ್ತಿದ್ದ ಆಟವನ್ನು ಅಷ್ಟರಲ್ಲಿ ಅಡಕಮಾಡಬೇಕಾದಾಗ ಕತ್ತರಿ ಮೊದಲು ಬೀಳುವುದು ಕಥೆಗೆ ಸೇರದ ನಗೆಯ ಮೇಲೆ. ಸಭ್ಯರ ಸಭೆಗೆ ಅವನ ಮಾತು ಒಗ್ಗುವುದಿಲ್ಲವೆಂಬ ಅಳುಕು ಬೇರೆ.

ಅಸಭ್ಯತೆಯನ್ನು ನಾನು ಎತ್ತಿಹಿಡಿಯುತ್ತಿಲ್ಲ. ಆದರೆ ಮಳೆಗಾಗಿ ಬೇಡುವ ರಾತ್ರಿಯಲ್ಲಿ ಗಣಪತಿ, ಸರಸ್ವತಿಯರ ಬೆನ್ನಿಗೇ ಆ ಪೋಲಿ ಗಂಡ ಹೆಂಡಿರನ್ನು ನಮ್ಮ ಹಿರಿಯರು ಏಕೆ ಕರೆದರೆಂದು ಯೋಚಿಸಬೇಕು. ನೆಲ ಹಸಿಯಾಗಬೇಕು, ಬೀಜ ಮೊಳೆಯಬೇಕು, ದನ ಗಬ್ಬವಾಗಬೇಕು ಎಂಬುದೇ ಹರಕೆಯಾಗಿರುವಾಗ ಮೈಯ ಮಾತನ್ನು ನಾಚಿಕೆಯಿಲ್ಲದೆ ಆಡುವವನೊಬ್ಬ ಅಲ್ಲಿ ಬೇಕಾಗಿದ್ದ. ಬರದಲ್ಲಿ ಬೆಂದ ಊರಿಗೆ ಒಮ್ಮೆ ಹೊಟ್ಟೆತುಂಬ ನಗುವುದೂ ಬೇಕಾಗಿತ್ತು. ೧೯೭೨ರ 

ಬರವನ್ನು ಕಂಡ ನಮ್ಮ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೨೦೨೫ರ ಜನವರಿಯಲ್ಲಿ ಪದ್ಮ ಪ್ರಶಸ್ತಿಗಳ ಪಟ್ಟಿ ಪ್ರಕಟವಾಯಿತು. ಕನ್ನಡಕ ಹಾಕಿಕೊಂಡು ಕರ್ನಾಟಕದವರ ಹೆಸರುಗಳನ್ನು ಓದುತ್ತಿದ್ದೆ. ಪದ್ಮಶ್ರೀ ಪಡೆದವರಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯ ಕಲಾವಿದೆ, ತೊಂಬತ್ತಾರು ವರ್ಷದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ. ಜೀವಮಾನವೆಲ್ಲ ಪರದೆಯ ಹಿಂದೆ ಕುಳಿತು ರಾಮಾಯಣ, ಮಹಾಭಾರತ ಆಡಿಸಿದ ಹೆಣ್ಣುಮಗಳು. ಹೊರದೇಶಗಳಲ್ಲಿಯೂ ಗೊಂಬೆ ಕುಣಿಸಿ ಬಂದವರು. ಅವರ ಅಡ್ಡಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಹಾಜರಿ ಕೂಗುವಾಗ ತಲೆ ತಗ್ಗಿಸಿ ಎದ್ದು ನಿಲ್ಲುತ್ತಿದ್ದ ಆ ಹುಡುಗ ಕಣ್ಣಮುಂದೆ ಬಂದ. ಅದೇ ಹೆಸರು ಈಗ ರಾಷ್ಟ್ರದ ಪಟ್ಟಿಯಲ್ಲಿತ್ತು. ಅವನು ಎಲ್ಲಿಯಾದರೂ ಇದ್ದು ಅದನ್ನು ಓದಿರಲಿ ಎಂದು ಹಾರೈಸಿದೆ.

ಮೊಮ್ಮಗನಿಗೆ ಆ ಮಧ್ಯಾಹ್ನ ಈ ಕಥೆಯನ್ನೆಲ್ಲ ಹೇಳಿದೆ. ಅವನು ಆಟ ನಿಲ್ಲಿಸಿ ಕೇಳಿದ. ಕೊನೆಗೆ, "ಅಜ್ಜಾ, ಶಿಳ್ಳೇಕ್ಯಾತನ ಆಟ ಎಲ್ಲಿ ಸಿಗತೈತಿ?" ಎಂದ. ಅವನ ಕಾಲದ ಪ್ರಶ್ನೆ ಅದು. ಸಿಕ್ಕುವುದೆಲ್ಲ ಯಂತ್ರದೊಳಗಿಂದಲೇ ಸಿಗಬೇಕು. "ಸಿಗೂದಿಲ್ಲಪಾ, ಕರೀಬೇಕು. ಕರೆದರ ಅವರು ಬರತಾರ" ಎಂದೆ.

ಕೇಳುಗರಲ್ಲಿ ನನ್ನದೂ ಇಷ್ಟೇ ಬಿನ್ನಹ. ತೊಗಲುಗೊಂಬೆಯ ಮೇಳಗಳು ಇನ್ನೂ ಇವೆ. ನಿಮ್ಮೂರ ಜಾತ್ರೆಗೆ ವಾದ್ಯವೃಂದವನ್ನು ಕರೆಸುವ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಅವರನ್ನೊಮ್ಮೆ ಕರೆಯಿರಿ. ಬಂದವರಿಗೆ ಒಂದು ಗಂಟೆಯ ಗಡುವು ಹಾಕಬೇಡಿ. ಗಣಪತಿಯ ಪೂಜೆ ಮುಗಿದೊಡನೆ ಕಥೆಗೆ ಬನ್ನಿ ಎಂದು ಅವಸರಿಸಬೇಡಿ. ನಡುವೆ ಬರಬೇಕಾದವನೊಬ್ಬನಿದ್ದಾನೆ. ಅವನು ಬಂದು ಮುಂದಿನ ಸಾಲಿನಲ್ಲಿ ಕುಳಿತ ನಿಮ್ಮನ್ನೇ ಕೆಣಕಿದರೆ, ನಮ್ಮೂರ ಗೌಡರು ಅಂದು ನಕ್ಕಂತೆ ನೀವೂ ನಕ್ಕುಬಿಡಿ.